ಗೀಟು ಎಳೆದ ಕೈ ಯಾವುದು?

ದಲಿತ ವಿಮರ್ಶೆಯ ವಿಶೇಷ ಸಂಚಿಕೆಯಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಆಡುವ ಕಥೆಗಳಿಗೇನು ಕೆಲಸ ಎಂದು ಕೇಳುವವರು ಇರುತ್ತಾರೆ. 'ಕೇರಿಯ ನಳದಾಗ ನೀರಿಲ್ಲ, ಇವ ಆಟದ ಮಾತು ಹಚ್ಯಾನ' ಎಂಬ ಮಾತು ಸಿಂಧನೂರಿನ ಚಹಾದಂಗಡಿಯಲ್ಲಿ ಈಗಾಗಲೇ ನನ್ನ ಕಿವಿಗೆ ಬಿದ್ದಿದೆ. ಈ ಸಿಟ್ಟನ್ನು ನಾನು ಹಗುರಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಹಾಡು ಕಟ್ಟಿದಾಗಲೂ, ಬೀದಿನಾಟಕ ಆಡಿದಾಗಲೂ, ಆತ್ಮಕಥೆ ಬರೆದಾಗಲೂ ಇದೇ ಪ್ರಶ್ನೆಯನ್ನು ನಮ್ಮವರೇ ನಮಗೆ ಹಾಕಿದ್ದರು. ಹೊಸದೊಂದು ಆಕೃತಿ ಬಂದಾಗ ಅದರೊಳಗಿನ ಯಜಮಾನಿಕೆ ಯಾರದು ಎಂದು ಕೇಳದೆ ಬಿಟ್ಟರೆ ಹತ್ತು ವರ್ಷದ ನಂತರ ಅದರೊಳಗೆ ನಮ್ಮ ನೋವು ನಮಗೇ ಗುರುತು ಸಿಗದ ಹಾಗೆ ಕೂತಿರುತ್ತದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹಾಸ್ಟೆಲ್ಲುಗಳಲ್ಲಿರುವ ನಮ್ಮ ಹುಡುಗ ಹುಡುಗಿಯರ ಕೈಯಲ್ಲಿ ಪುಸ್ತಕಕ್ಕಿಂತ ಹೆಚ್ಚು ಹೊತ್ತು ಮೊಬೈಲು ಇರುತ್ತದೆ. ಅದನ್ನು ದೂರುತ್ತ ಕೂಡ್ರುವ ಬದಲು ಅದರಲ್ಲಿ ಏನು ಬರುತ್ತಿದೆ ಎಂದು ನೋಡುವುದು ವಿಮರ್ಶೆಯ ಕೆಲಸವೇ.

ನಾನು ಹೇಳುತ್ತಿರುವುದು ಹೊಡಿ ಬಡಿ ಆಟಗಳ ಬಗ್ಗೆ ಅಲ್ಲ. ವಿಷುವಲ್ ನಾವೆಲ್ ಎಂಬ ಪ್ರಕಾರವೊಂದಿದೆ. ಚಿತ್ರಕಾದಂಬರಿ ಎನ್ನೋಣ. ಹಿಂದೆ ಒಂದು ಚಿತ್ರ, ಅದರ ಮುಂದೆ ಒಂದೋ ಎರಡೋ ಪಾತ್ರಗಳು, ಕೆಳಗೆ ಒಂದು ಚೌಕದಲ್ಲಿ ಮಾತು. ಮುಟ್ಟಿದರೆ ಮುಂದಿನ ಮಾತು. ನಡುನಡುವೆ ಕಥೆ ನಿಂತು, ಈಗ ನೀನೇನು ಮಾಡ್ತಿ ಎಂದು ಓದುವವರನ್ನೇ ಕೇಳುತ್ತದೆ. ಎರಡು ಮೂರು ಸಾಲುಗಳು ಪರದೆಯ ಮೇಲೆ ಬರುತ್ತವೆ. ಒಂದನ್ನು ಆರಿಸಬೇಕು. ಆರಿಸಿದ ಹಾಗೆ ಕಥೆ ಕವಲೊಡೆಯುತ್ತದೆ. ಜಪಾನಿನಲ್ಲಿ 1980ರ ದಶಕದಲ್ಲಿ ಮೊಳೆತ ಈ ಬಗೆಗೆ ವಿಷುವಲ್ ನಾವೆಲ್ ಎಂಬ ಹೆಸರು ನಿಂತದ್ದು 1996ರಲ್ಲಿ ಲೀಫ್ ಎಂಬ ಸಂಸ್ಥೆ 'ಶಿಜುಕು' ಎಂಬ ಕೃತಿಯಿಂದ ಶುರುಮಾಡಿದ ಮಾಲೆಯ ಮೂಲಕ. 2004ರಲ್ಲಿ ಟಾಮ್ ರೋಥಮೆಲ್ ಎಂಬುವವರು ರೆನ್‌ಪೈ ಎಂಬ ಸಲಕರಣೆಯನ್ನು ಬಿಟ್ಟಿಯಾಗಿ ಹೊರಗಿಟ್ಟ ಮೇಲೆ ದುಡ್ಡಿಲ್ಲದವರೂ, ಕಂಪನಿಯ ಬೆನ್ನಿಲ್ಲದವರೂ, ಒಬ್ಬಿಬ್ಬರೇ ಕೂತು ಇಂಥದನ್ನು ಕಟ್ಟುವುದು ಸಾಧ್ಯವಾಯಿತು. ನಾಲ್ಕು ಚಿತ್ರ, ಒಂದಿಷ್ಟು ಬರಹ, ಒಂದು ಹಳೆಯ ಕಂಪ್ಯೂಟರ್ ಇದ್ದರೆ ಸಾಕು. ನಮ್ಮ ಸಣ್ಣಪತ್ರಿಕೆಗಳು ಹುಟ್ಟಿದ್ದು ಹೀಗೇ ಅಲ್ಲವೇ, ಕೈಗೆಟುಕುವ ಸೈಕ್ಲೋಸ್ಟೈಲ್ ಯಂತ್ರವೊಂದು ಸಿಕ್ಕಿದ್ದಕ್ಕೆ?

ಈ ಸ್ವತಂತ್ರ ಕೃತಿಗಳ ಇನ್ನೊಂದು ಗುಣವೂ ಗಮನಾರ್ಹ. ಇವು ಮುಗಿಯುವ ಮುಂಚೆಯೇ ಓದುಗರ ಎದುರು ಬರುತ್ತವೆ. ನಿರ್ಮಾಣದಲ್ಲಿರುವಾಗಲೇ ಮೊದಲ ತುಂಡನ್ನು ಮಾದರಿಯೆಂದು ಕೊಟ್ಟು, ಜನ ಏನಂದರು ಎಂದು ಕೇಳಿ, ತಿದ್ದುತ್ತಾರೆ. ಅಚ್ಚಾದ ಪುಸ್ತಕದ ವಿಮರ್ಶೆ ಶವಪರೀಕ್ಷೆ ಇದ್ದ ಹಾಗೆ. ಇಲ್ಲಿ ಮಣ್ಣು ಇನ್ನೂ ಹಸಿ ಇರುವಾಗ ಮಾತಾಡಬಹುದು. ಆದ್ದರಿಂದಲೇ ಈಗ ಮಾತಾಡುತ್ತಿದ್ದೇನೆ.

ಇಂಥ ಕೃತಿಗಳಲ್ಲಿ ಒಂದು ಗುಂಪು ಈಚೆಗೆ ಬಹಳ ಮೆಚ್ಚುಗೆ ಪಡೆಯುತ್ತಿದೆ. ರಕ್ತವಿಲ್ಲ, ಕೂಗಾಟವಿಲ್ಲ. ಒಬ್ಬರ ಮನಸ್ಸಿನೊಳಗೆ ಮೆಲ್ಲಗೆ ಕೂತ ಗಾಯ, ಅವರು ದಿನ ಕಳೆಯುವ ಬಗೆ, ಹೇಳದೆ ಉಳಿದ ಮಾತು, ಇಷ್ಟೇ ವಸ್ತು. ಮೆಲುದನಿಯ ನೋವು ಎನ್ನೋಣ. ಇಲ್ಲೇ ನನ್ನ ತಕರಾರು ಶುರುವಾಗುವುದು.

'ಮೆಲುದನಿ' ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. 1973ರ ಬೂಸಾ ಗಲಾಟೆಯ ಬೆಂಕಿಯಲ್ಲಿ ಹುಟ್ಟಿದ ಪೀಳಿಗೆ, 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದಾಗ ಒಮ್ಮೆಲೇ ಗಂಟಲು ಬಿಚ್ಚಿತು. ಆಗ ಮೇಲಿನ ವಿಮರ್ಶೆ 'ಇದು ಘೋಷಣೆ, ಕಾವ್ಯ ಅಲ್ಲ' ಎಂದಿತು. ದೇವನೂರರ 'ಕುಸುಮಬಾಲೆ' 1984ರಲ್ಲಿ ಬಂದು 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಾಗ ಅದೇ ಜನರಲ್ಲಿ ಹಲವರು ಅದರ ಸಂಯಮವನ್ನು ಕೊಂಡಾಡಿ ಅದರ ಸಿಟ್ಟನ್ನು ಓದದೆ ಬಿಟ್ಟರು. ಕೆಲವು ವರ್ಷದ ಕೆಳಗೆ ಒಂದು ಕಾಲೇಜಿನ ವಿಚಾರ ಸಂಕಿರಣದಲ್ಲಿ ಹಿರಿಯರೊಬ್ಬರು ನನ್ನ ಹೆಗಲ ಮೇಲೆ ಕೈಯಿಟ್ಟು 'ಈಗ ನಿಮ್ಮವರ ಬರವಣಿಗೆ ಮಾಗ್ಯದ, ಕಿರುಚೋದು ಕಡಿಮಿ ಆಗ್ಯದ' ಎಂದು ಹೊಗಳಿದರು. ಹೊಗಳಿಕೆಯ ಒಳಗೆ ಕೂತಿದ್ದ ಆಜ್ಞೆ ಅವರಿಗೇ ಗೊತ್ತಿರಲಿಕ್ಕಿಲ್ಲ.

ಮೌನಕ್ಕೆ ಎರಡು ಹುಟ್ಟುಗಳಿವೆ. ಹೇಳಬೇಕಾದ್ದನ್ನು ಹೇಳಲು ಮಾತು ಸಾಲದೆ ಹುಟ್ಟುವ ಮೌನ ಒಂದು. ಹೇಳಿದರೆ ನಾಳೆ ಕೂಲಿ ಸಿಗುವುದಿಲ್ಲ ಎಂದು ತುಟಿ ಕಚ್ಚಿಕೊಳ್ಳುವ ಮೌನ ಇನ್ನೊಂದು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ: ಒಂದು ಮುಖ, ಖಾಲಿ ಚೌಕ, ಮೂರು ಚುಕ್ಕೆ. ಯಾವ ಚುಕ್ಕೆ ಯಾವುದರದು ಎಂದು ಕೇಳುವುದನ್ನು ಬಿಟ್ಟು 'ಎಷ್ಟು ಮೆಲುವಾಗಿದೆ, ಎಷ್ಟು ಚಂದ ಇದೆ' ಎನ್ನುವ ವಿಮರ್ಶೆಯ ಬಗ್ಗೆ ನನಗೆ ಗುಮಾನಿ.

ಗುಮಾನಿಯ ಜೊತೆಗೆ ಒಂದು ಬೆರಗನ್ನೂ ಹೇಳಬೇಕು. 2013ರಲ್ಲಿ ಜೋಯಿ ಕ್ವಿನ್ ಮತ್ತು ಗೆಳೆಯರು 'ಡಿಪ್ರೆಷನ್ ಕ್ವೆಸ್ಟ್' ಎಂಬುದನ್ನು ಹೊರತಂದರು. ಚಿತ್ರಕಾದಂಬರಿಯ ದಾಯಾದಿ ಅದು, ಹೆಚ್ಚಿನಂಶ ಬರಹವೇ. ಖಿನ್ನತೆಯಲ್ಲಿ ಮುಳುಗಿದ ವ್ಯಕ್ತಿಯ ದಿನಗಳು. ಗೆಳತಿ ಕರೆಯುತ್ತಾಳೆ, ತಾಯಿ ಫೋನ್ ಮಾಡುತ್ತಾಳೆ, ಕೆಲಸಕ್ಕೆ ಹೊತ್ತಾಗುತ್ತದೆ. ಏನು ಮಾಡ್ತಿ ಎಂಬ ಪ್ರಶ್ನೆಗೆ ಕೆಳಗೆ ಸಾಲುಗಳು ಬರುತ್ತವೆ. ಆದರೆ ಎಲ್ಲಕ್ಕಿಂತ ಮೇಲಿನ, ಎಲ್ಲಕ್ಕಿಂತ ಸಹಜವಾದ ಸಾಲಿನ ಮೇಲೆ ಅಡ್ಡ ಗೀಟು ಹೊಡೆದಿರುತ್ತದೆ. ಎದ್ದು ಹೋಗು, ಮನಸ್ಸು ಬಿಚ್ಚಿ ಮಾತಾಡು ಎಂಬಂಥ ಸಾಲು. ಅದು ಕಾಣುತ್ತದೆ, ಓದಲು ಬರುತ್ತದೆ, ಮುಟ್ಟಲು ಬರುವುದಿಲ್ಲ. ಖಿನ್ನತೆ ಹೆಚ್ಚಿದಂತೆ ಗೀಟು ಬಿದ್ದ ಸಾಲುಗಳು ಹೆಚ್ಚುತ್ತವೆ. ಆಟ ಎಂದರೆ ಆಯ್ಕೆ ಎಂದು ನಂಬಿದ ಪ್ರಕಾರವೊಂದು ತನ್ನ ಬುಡವನ್ನೇ ಹೀಗೆ ತಿರುಗಿಸಿ ನಿಲ್ಲಿಸಿದ್ದು ಸಣ್ಣ ಸಂಗತಿಯಲ್ಲ. 'ಮನಸ್ಸು ಗಟ್ಟಿ ಮಾಡ್ಕೋ, ಎಲ್ಲಾ ಸರಿಹೋಗ್ತದ' ಎಂಬ ಉಪದೇಶಕ್ಕೆ ಇದಕ್ಕಿಂತ ಚೊಕ್ಕ ಉತ್ತರವನ್ನು ನಾನು ಕಂಡಿಲ್ಲ.

ಈ ಗೀಟನ್ನು ನಮ್ಮ ನೆಲಕ್ಕೆ ತಂದಿಟ್ಟರೆ ಏನಾಗುತ್ತದೆ? ಬಾಬಾಸಾಹೇಬರು ತಮ್ಮ ಬಾಲ್ಯದ ಒಂದು ಪ್ರಯಾಣವನ್ನು 'ವೇಟಿಂಗ್ ಫಾರ್ ಎ ವೀಸಾ' ಎಂಬ ಪುಟ್ಟ ಬರಹದಲ್ಲಿ ದಾಖಲಿಸಿದ್ದಾರೆ. 1901. ತಂದೆ ಗೋರೆಗಾಂವ್‌ನಲ್ಲಿ ಖಜಾಂಚಿ. ಬೇಸಿಗೆ ರಜೆಗೆ ಮಕ್ಕಳನ್ನು ಕರೆಸಿಕೊಂಡರು. ಅಣ್ಣ, ತೀರಿಹೋದ ಅಕ್ಕನ ಮಕ್ಕಳು, ಒಂಬತ್ತು ವರ್ಷದ ಭೀಮ, ಹೊಸ ಅಂಗಿ, ಜರಿಯ ಟೋಪಿ, ರೇಷ್ಮೆ ಅಂಚಿನ ಧೋತರ ತೊಟ್ಟು ಮಸೂರ್ ಸ್ಟೇಶನ್ನಿನಲ್ಲಿ ಇಳಿದರು. ಕರೆದೊಯ್ಯಲು ಯಾರೂ ಬಂದಿರಲಿಲ್ಲ, ಬರೆದ ಕಾಗದ ತಂದೆಯ ಕೈಗೆ ಸೇರಿರಲಿಲ್ಲ. ಸ್ಟೇಶನ್ ಮಾಸ್ತರ ಕನಿಕರದಿಂದ ವಿಚಾರಿಸಿದ. ಮಹಾರರ ಮಕ್ಕಳು ಎಂದು ಗೊತ್ತಾದ ಕ್ಷಣ ಅವನ ಮುಖ ಬದಲಾಯಿತು. ಬಂಡಿಯವರು ಯಾರೂ ಒಪ್ಪಲಿಲ್ಲ. ಎರಡು ಪಟ್ಟು ಬಾಡಿಗೆ ಕೊಡುವುದು, ಬಂಡಿಯನ್ನು ಮಕ್ಕಳೇ ಹೊಡೆಯುವುದು, ಬಂಡಿಯವ ಬದಿಯಲ್ಲಿ ನಡೆದು ಬರುವುದು ಎಂದು ಮಾತಾಯಿತು. ಬುತ್ತಿ ಇತ್ತು. ನೀರು ಇರಲಿಲ್ಲ. ರಾತ್ರಿ ಸುಂಕದ ಕಟ್ಟೆಯವನ ಹತ್ತಿರ ಹೋಗಿ, ಮುಸಲ್ಮಾನರೆಂದು ಹೇಳಿಕೊಂಡು ಉರ್ದುವಿನಲ್ಲಿ ಕೇಳಿದರೂ ನೀರು ಸಿಗಲಿಲ್ಲ.

ಇದನ್ನು ಚಿತ್ರಕಾದಂಬರಿಯ ಲೆಕ್ಕದಲ್ಲಿ ಒಮ್ಮೆ ಇಟ್ಟು ನೋಡಿ. ನೀರು ಕೇಳು. ಹೆಚ್ಚು ದುಡ್ಡು ಕೊಡು. ಹೆಸರು ಮರೆಸು. ಮೂರು ಸಾಲಿಗೂ ಗೀಟಿಲ್ಲ. ಮೂರನ್ನೂ ಮುಟ್ಟಬಹುದು. ಮುಟ್ಟಿದ ಮೇಲೆ ಮರಳಿ ಅದೇ ಪರದೆ, ಅದೇ ದಾಹ. ಖಿನ್ನತೆಯ ಗೀಟು ಪ್ರಾಮಾಣಿಕ, ಅದು ಕಣ್ಣಿಗೆ ಕಾಣುತ್ತದೆ. ಜಾತಿಯ ಗೀಟು ಹಾಗಲ್ಲ. ಅದು ಸಾಲನ್ನು ತೆರೆದೇ ಇಡುತ್ತದೆ, ಕೈಯಿಟ್ಟಾಗ ಮಾತ್ರ ಬರೆ ಎಳೆಯುತ್ತದೆ. ಇದು ತಂತ್ರದ ಸಣ್ಣ ವ್ಯತ್ಯಾಸ ಅಲ್ಲ. ಒಂದರಲ್ಲಿ ತಡೆ ವ್ಯಕ್ತಿಯ ಒಳಗೆ, ಇನ್ನೊಂದರಲ್ಲಿ ತಡೆ ಊರಿನಲ್ಲಿ. ಒಂದಕ್ಕೆ ಔಷಧಿ, ಆಪ್ತಸಲಹೆ ನೆರವಾದೀತು. ಇನ್ನೊಂದರಲ್ಲಿ ರೋಗಿ ಯಾರು ಎಂಬುದೇ ತಕರಾರು.

ಹಳೆಯ ಮಾತು ಎನ್ನುತ್ತೀರಾ? ಮಸ್ಕಿ, ಲಿಂಗಸುಗೂರಿನಿಂದ ಬಹಳ ದೂರವಿಲ್ಲ ಕುಷ್ಟಗಿ ತಾಲ್ಲೂಕಿನ ಮಿಯಾಪುರ. 2021ರ ಸೆಪ್ಟೆಂಬರಿನಲ್ಲಿ ಅಲ್ಲಿ ಒಂದು ಪುಟ್ಟ ಮಗು, ಹೊರಗೆ ನಿಂತು ಕೈಮುಗಿಯುತ್ತಿದ್ದ ತಂದೆಯ ಪಕ್ಕದಿಂದ ಓಡಿ ಗುಡಿಯೊಳಗೆ ಹೋಯಿತು. ಗುಡಿಯ ಶುದ್ಧಿಯ ಹೆಸರಿನಲ್ಲಿ ಆ ಮನೆಯವರಿಗೆ ದಂಡ ಹಾಕಿದ ಸುದ್ದಿ ದೇಶಕ್ಕೆಲ್ಲ ತಿಳಿಯಿತು. ಆ ಮಗುವಿಗೆ ಬಾಗಿಲ ಮೇಲೆ ಗೀಟು ಕಂಡಿರಲಿಲ್ಲ. ಕಾಣುವುದಾದರೂ ಹೇಗೆ? ಸಂವಿಧಾನದ 17ನೇ ವಿಧಿ ಆ ಗೀಟನ್ನು ಅಳಿಸಿ ದಶಕಗಳಾಗಿವೆ. ಅದಕ್ಕೂ ಮುಂಚೆ, 1915ರಲ್ಲಿ ಚಿನ್ನ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರನಿಗೆ ಕಂಡ ಮಸ್ಕಿಯ ಬಂಡೆಯ ಮೇಲೆ, ಅಶೋಕನ ಹೆಸರು ಕೆತ್ತಿರುವ ಆ ಶಾಸನದಲ್ಲಿ, ಧರ್ಮದಲ್ಲಿ ತೊಡಗಿದರೆ ಇದು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಸಿಗುತ್ತದೆ ಎಂಬರ್ಥದ ಮಾತಿದೆ. ಎರಡು ಸಾವಿರ ವರ್ಷಕ್ಕೂ ಮೀರಿದ ಹಿಂದೆ ಕಲ್ಲಿನ ಮೇಲೆ ತೆರೆದಿಟ್ಟ ಸಾಲು ಅದು. ನಮ್ಮಲ್ಲಿ ಬರಹಕ್ಕೆ ಬರ ಇಲ್ಲ. ಶಾಸನ ಓದಲು ಪ್ರವಾಸಿಗರು ಬರುತ್ತಾರೆ, ಹೋಗುತ್ತಾರೆ.

ಇನ್ನೂ ಒಂದು ಹೆಜ್ಜೆ ಇದೆ. ನನ್ನ ಮಟ್ಟಿಗೆ ಮೆಲುದನಿಯ ನೋವು ಎಂದರೆ ಅದೇ. ನಾಲ್ಕು ಸಲ ಕೈ ಸುಟ್ಟ ಮೇಲೆ ಐದನೆಯ ಸಲ ಮಗು ಕೇಳುವುದಿಲ್ಲ. ಅದಕ್ಕೂ ಮೊದಲೇ ತಾಯಿ ಹೇಳಿರುತ್ತಾಳೆ: 'ಅಲ್ಲಿ ಹೋಗಬ್ಯಾಡ. ಕೇಳಬ್ಯಾಡ. ಸುಮ್ಮಕ ನಿಂದ್ರು.' ಊರು ಎಳೆಯುತ್ತಿದ್ದ ಗೀಟನ್ನು ಈಗ ತಾಯಿಯ ಕೈ ಎಳೆಯುತ್ತದೆ, ಪ್ರೀತಿಯಿಂದ, ಮಗು ಬದುಕಲಿ ಎಂದು. ಮುಂದೆ ಮಗುವಿನ ಕೈಯೇ ಎಳೆಯುತ್ತದೆ. ಕಾಲೇಜಿಗೆ ಬಂದ ಹುಡುಗ ಮುಂದಿನ ಬೆಂಚಿನಲ್ಲಿ ಕೂಡ್ರುವುದಿಲ್ಲ. ಯಾಕೆ ಎಂದು ಕೇಳಿದರೆ 'ಇಲ್ಲೇ ಆರಾಮ ಐತ್ರಿ' ಎನ್ನುತ್ತಾನೆ. ಸುಳ್ಳಲ್ಲ ಅದು, ಅವನಿಗೆ ಹಾಗೆಯೇ ಅನಿಸುತ್ತದೆ. ಕವಿತೆ ಈ ಮೂರನೆಯ ಘಟ್ಟವನ್ನು ಒಂದು ಪ್ರತಿಮೆಯಲ್ಲಿ ಹಿಡಿಯಬಲ್ಲದು. ಆದರೆ ತೆರೆದ ಸಾಲು ಮುಟ್ಟಿ ಮುಟ್ಟಿ ಸೋತು, ಕೊನೆಗೆ ನಾವೇ ಆ ಸಾಲಿನತ್ತ ಕೈ ಒಯ್ಯದೆ ಇರುವುದನ್ನು ಓದುವವರ ಬೆರಳಿಗೇ ಕಲಿಸುವ ಶಕ್ತಿ ಇರುವುದು ಈ ಹೊಸ ಪ್ರಕಾರಕ್ಕೆ. ಐದನೆಯ ಸಲ ಬೆರಳು ತಾನಾಗಿ ಕೆಳಗಿನ ಸಾಲಿಗೆ ಹೋದಾಗ, ನನ್ನ ಬೆರಳನ್ನು ಅಲ್ಲಿಗೆ ಒಯ್ದವರು ಯಾರು ಎಂದು ಓದುವವರು ಒಮ್ಮೆ ಬೆಚ್ಚಬೇಕು. ಈ ಕೆಲಸವನ್ನು ಮಾಡಿದ ಕೃತಿ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ.

ಮೆಚ್ಚುಗೆ ಪಡೆದ ಎರಡು ಕೃತಿಗಳನ್ನು ಈ ಬೆಳಕಿನಲ್ಲಿ ನೋಡೋಣ. ಕೆನಡಾದ ಟೊರಾಂಟೊದಲ್ಲಿ ತಮಿಳು ಮೂಲದವರು ಕಟ್ಟಿದ 'ವೆಣ್ಬಾ' 2023ರಲ್ಲಿ ಬಂತು. ಮರುವರ್ಷ ಬ್ರಿಟನ್ನಿನ ಬಾಫ್ಟಾದವರು ಮೊದಲ ಕೃತಿಗೆ ಕೊಡುವ ಬಹುಮಾನವನ್ನೂ ಪಡೆಯಿತು. 1980ರ ದಶಕದಲ್ಲಿ ವಲಸೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿದ ಮಗ ಕವಿನ್. ಮಗ ಭಾಷೆಯಿಂದ, ಮನೆಯ ಊಟದಿಂದ ದೂರ ಸರಿಯುತ್ತಾನೆ. ತಾಯಿಯ ಹತ್ತಿರ ಅವಳ ತಾಯಿಯ ಅಡುಗೆ ಪುಸ್ತಕವಿದೆ. ಹರಿದಿದೆ, ಕಲೆಬಿದ್ದಿದೆ, ಅಕ್ಷರ ಅಳಿಸಿವೆ. ಅಳಿಸಿದ್ದನ್ನು ಊಹಿಸಿ ಇಡ್ಲಿ ಬೇಯಿಸಬೇಕು, ಪುಟ್ಟು ಕಟ್ಟಬೇಕು. ಮಗ ಮಾತಾಡದಾಗ ತಾಯಿ ಒಲೆಯ ಮುಂದೆ ನಿಲ್ಲುವ ಆ ಹೊತ್ತು ನಿಜವಾಗಿಯೂ ಎದೆಗೆ ತಾಗುತ್ತದೆ. ಒಳ್ಳೆಯ ಕೃತಿ ಅದು, ಇದರಲ್ಲಿ ನನಗೆ ಅನುಮಾನವಿಲ್ಲ.

ಆದರೂ ಒಂದು ಪ್ರಶ್ನೆ ಹಿಂದೆ ಬೀಳುವುದಿಲ್ಲ. ಹರಿದ ಅಡುಗೆ ಪುಸ್ತಕ ಎಂದರೆ ಬರೆಯಬಲ್ಲ ಅಜ್ಜಿ. ನಮ್ಮ ಕೇರಿಯ ಅಜ್ಜಿಯರು ಏನನ್ನು ಬಿಟ್ಟುಹೋದರು? ಗುರೆಳ್ಳು ಚಟ್ನಿಯ ಉಪ್ಪಿನ ಅಂದಾಜು, ಜೋಳದ ನುಚ್ಚಿನ ಹದ, ಖಂಡವನ್ನು ಉಪ್ಪು ಹಚ್ಚಿ ಬಿಸಿಲಿಗೆ ಒಣಹಾಕುವ ಬಗೆ, ಎಲ್ಲ ಕೈಯಲ್ಲಿತ್ತು. ಕೈ ಹೋದಾಗ ಹೋಯಿತು. ಒಣಖಂಡದ ವಾಸನೆ ಹೊರಗೆ ಹೋಗದ ಹಾಗೆ ಬಾಗಿಲು ಮುಂದೆ ಮಾಡಿಕೊಂಡು ಬೇಯಿಸಿದ ಬಾಡಿಗೆ ಮನೆಯ ತಾಯಿಗೆ ಅಡುಗೆ ನೆನಪಿನ ಹಬ್ಬವಲ್ಲ, ಅಂಜಿಕೆ. ಮನೆಯ ಊಟ ಎಂಬ ಮಾತಿನಲ್ಲಿ ಯಾವ ಮನೆ ಎಂಬುದು ಅಡಗಿರುತ್ತದೆ. ವಲಸೆಯಿಂದ ಕಳೆದುಹೋದದ್ದನ್ನು ಹುಡುಕುವುದು ಒಂದು ನೋವು. ಊರಲ್ಲೇ ಇದ್ದೂ ಬರೆದಿಡಲು ಬಿಡದೇ ಹೋದದ್ದನ್ನು ಹುಡುಕುವುದು ಇನ್ನೊಂದು. ಎರಡನೆಯದರಲ್ಲಿ ಅಳಿಸಿದ ಅಕ್ಷರವನ್ನು ಊಹಿಸುವ ಒಗಟು ನಡೆಯುವುದಿಲ್ಲ. ಅಲ್ಲಿ ಅಕ್ಷರವೇ ಇರಲಿಲ್ಲ.

ಇನ್ನೊಂದು, ಭಾರತದಲ್ಲಿಯೇ ಇಬ್ಬರು ಕೂಡಿ ವರ್ಷಗಟ್ಟಲೆ ಕಟ್ಟಿದ 'ಫಿಶ್‌ಬೌಲ್'. ನಿರ್ಮಾಣದಲ್ಲಿದ್ದಾಗಲೇ ಅದರ ಮಾದರಿ ತುಂಡು ಹೊರಬಂತು. ಹೊಸ ಊರಿಗೆ ಬಂದು ಒಬ್ಬಳೇ ಇರುವ, ಮನೆಯಿಂದಲೇ ಕೆಲಸ ಮಾಡುವ ಹುಡುಗಿ ಆಲೋ. ಅಜ್ಜಿ ತೀರಿಹೋಗಿದ್ದಾಳೆ. ಅಜ್ಜಿಯ ಸಾಮಾನಿನ ಪೆಟ್ಟಿಗೆಗಳು, ಗೆಳತಿಯರ ಜೊತೆ ಫೋನು, ಹಲ್ಲುಜ್ಜುವುದು, ಬಟ್ಟೆ ಒಗೆಯುವುದು. ದುಃಖ ಬಂದವರಿಗೆ ಇಂಥ ಸಣ್ಣ ಕೆಲಸವೇ ಬೆಟ್ಟವಾಗುತ್ತದೆ ಎಂಬುದನ್ನು ಅದು ಬಲ್ಲದು. ನಾನು ಗಮನಿಸಿದ್ದು ಕೋಣೆಯನ್ನು. ಆಕೆಗೆ ಬಾಗಿಲು ಹಾಕಿಕೊಂಡು ಅಳಲು ಒಂದು ಕೋಣೆ ಇದೆ. ಮೆಲುದನಿಯ ನೋವಿನ ಕೃತಿಗಳೆಲ್ಲ ಹೆಚ್ಚುಕಡಿಮೆ ಈ ಕೋಣೆಯನ್ನು ಗೃಹೀತ ಹಿಡಿದಿವೆ. ಒಂಟಿತನವೇ ಅವುಗಳ ಹಿನ್ನೆಲೆಯ ಚಿತ್ರ. ಒಂದೇ ಅಂಕಣದ ಮನೆಯಲ್ಲಿ ಏಳು ಜನ ಮಲಗುವಲ್ಲಿ ನೋವಿನ ಕಷ್ಟ ಒಂಟಿತನ ಅಲ್ಲ, ಒಂಟಿತನ ಸಿಗದಿರುವುದು.

ಹಾಗಾದರೆ ನಮ್ಮವರು ಎಲ್ಲಿ ಅತ್ತರು? ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂ ನೋಡಿದವರಿಗೆ ಉತ್ತರದ ಒಂದು ತುದಿ ಗೊತ್ತು. ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರೂ ಸೇರುತ್ತಾರೆ. ಹಸನ್ ಹುಸೇನರ ಮರಣದ ರಿವಾಯತ್ ಪದಗಳನ್ನು ಕನ್ನಡದಲ್ಲಿ ಹಾಡುತ್ತಾರೆ. ತನ್ನ ಮನೆಯ ಸಾವಿಗೆ ಗಟ್ಟಿಯಾಗಿ ಅಳಲು ಪುರುಸೊತ್ತಿಲ್ಲದೆ ಮೂರನೆಯ ದಿನಕ್ಕೇ ಕೂಲಿಗೆ ಹೋದ ಹೆಂಗಸು, ಸಾವಿರದ ಮುನ್ನೂರು ವರ್ಷದ ಹಿಂದಿನ, ಕಂಡಿರದ ನೆಲದ ಸಾವಿಗೆ ಎದೆ ಬಡಿದುಕೊಂಡು ಅಳುವುದನ್ನು ನಾನು ನೋಡಿದ್ದೇನೆ. ಅವಳು ಯಾರಿಗಾಗಿ ಅಳುತ್ತಿದ್ದಳು ಎಂದು ಕೇಳುವುದು ಅಧಿಕಪ್ರಸಂಗ. ಕಡ ತಂದ ದುಃಖದಲ್ಲಿ ಸ್ವಂತ ದುಃಖವನ್ನು ಇಳಿಸುವ ಈ ಬಗೆ ನಮ್ಮ ಸೀಮೆಯ ಆಕೃತಿ. ಮನಶ್ಶಾಸ್ತ್ರದ ಕೋಣೆಗಿಂತ ಇದು ಹಳೆಯದು, ಬಯಲಿನದು. ಚಿತ್ರಕಾದಂಬರಿ ಬರೆಯುವವರು ಇದನ್ನು ತಿಳಿದರೆ ಹಿನ್ನೆಲೆ ಚಿತ್ರ ಬದಲಾದೀತು.

ಇಲ್ಲಿ ಕೆರದ ಮಾತು ಬರಬೇಕು. ಇಂಥ ಆಟಗಳನ್ನು ಮೆಚ್ಚುವವರು ಸಾಮಾನ್ಯವಾಗಿ ಹೇಳುವುದು: ಇದನ್ನು ಆಡಿದರೆ ಇನ್ನೊಬ್ಬರ ನೋವು ನಮಗೆ ತಿಳಿಯುತ್ತದೆ, ಅವರ ಕೆರದಲ್ಲಿ ಕಾಲಿಟ್ಟ ಹಾಗೆ. ಆನಾ ಆಂತ್ರೋಪಿ ಎಂಬ ಅಮೆರಿಕದ ಲಿಂಗಾಂತರಿ ಕಲಾವಿದೆ 2012ರಲ್ಲಿ ತನ್ನ ಚಿಕಿತ್ಸೆಯ ದಿನಗಳ ಬಗ್ಗೆ 'ಡಿಸ್ಫೋರಿಯಾ' ಎಂಬುದರ ಮೇಲೆ ಹೆಸರಿಟ್ಟ ಪುಟ್ಟ ಆಟವೊಂದನ್ನು ಮಾಡಿದಳು. ಆಡಿದವರು ಬಂದು ಬಂದು 'ಈಗ ನಿಮ್ಮ ಬದುಕು ನಮಗೆ ಅರ್ಥವಾಯಿತು' ಎನ್ನತೊಡಗಿದರು. ಹತ್ತು ನಿಮಿಷದಲ್ಲಿ! ಅದಕ್ಕೆ ಉತ್ತರವಾಗಿ 2015ರಲ್ಲಿ ನ್ಯೂಯಾರ್ಕಿನ ಒಂದು ಪ್ರದರ್ಶನದಲ್ಲಿ ತನ್ನ ಹಳೆಯ ಎತ್ತರ ಹಿಮ್ಮಡಿಯ ಬೂಟುಗಳನ್ನೇ ಇಟ್ಟು, ಹೆಜ್ಜೆ ಎಣಿಸುವ ಯಂತ್ರ ಕಟ್ಟಿ, ನಡೆದಷ್ಟೂ ಅಂಕ ಎಂದಳು. ಎಷ್ಟು ಅಂಕ ಬಂದರೆ ನನ್ನ ಬದುಕು ನಿಮ್ಮದಾಗುತ್ತದೆ ಎಂಬುದು ಅದರ ವ್ಯಂಗ್ಯ.

ಕೆರ ಮಾಡುವ ಜನಕ್ಕೆ ಈ ಕಥೆ ಹೇಳಬೇಕಾಗಿಲ್ಲ. ಮೇಲಿನ ಓಣಿಯಲ್ಲಿ ಕೆರ ಮೆಟ್ಟಲು ಬಿಡದ ಊರುಗಳಿಗೇ ಕೆರ ಹೊಲಿದು ಕೊಟ್ಟವರು ನಾವು. ಕಲ್ಯಾಣದ ಹರಳಯ್ಯ, ಕಲ್ಯಾಣಮ್ಮನವರ ಕಥೆಯನ್ನು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಚಮ್ಮಾವುಗೆ ಮಾಡಿದರು. ಬಸವಣ್ಣ ಅದನ್ನು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತ. ಮೆಟ್ಟಲು ಹೋದ ಇನ್ನೊಬ್ಬನ ಮೈ ಉರಿಯೆದ್ದಿತು. ಡಿ.ಆರ್. ನಾಗರಾಜ್ 1993ರ ತಮ್ಮ ಇಂಗ್ಲಿಷ್ ಪುಸ್ತಕಕ್ಕೆ 'ದಿ ಫ್ಲೇಮಿಂಗ್ ಫೀಟ್' ಎಂದು ಹೆಸರಿಟ್ಟಾಗ ಉರಿಯುವ ಪಾದ ನಮ್ಮ ವಿಮರ್ಶೆಯ ಭಾಷೆಗೂ ಬಂತು. ಈ ಕಥೆಯನ್ನು ನಾನು ಓದುವುದು ಹೀಗೆ: ಇನ್ನೊಬ್ಬರ ಚರ್ಮದ ನೋವನ್ನು ತೊಟ್ಟು ನೋಡಿ ಬಿಚ್ಚಿಡಲು ಬರುವುದಿಲ್ಲ. ಹೊರಬಹುದು. ಹೊರುವುದು ಬೇರೆ ಕೆಲಸ, ಅದು ಆಟ ಮುಗಿದ ಮೇಲೂ ಇರುತ್ತದೆ. ನಮ್ಮ ಆತ್ಮಕಥೆಗಳನ್ನು ಓದಿ ಕಣ್ಣೊರೆಸಿಕೊಂಡು ಎದ್ದು ಹೋಗುವವರ ಬಗ್ಗೆ ನಮಗೆ ಅನುಭವ ಇದೆ. ಪರದೆಯ ಮೇಲೆ ನಮ್ಮ ನೋವನ್ನು ಇಡುವಾಗ ಆಡುವವರನ್ನು ನೋವು ಉಂಡವರ ಜಾಗದಲ್ಲಿಯೇ ಕೂಡ್ರಿಸಬೇಕೆಂಬ ನಿಯಮ ಯಾರು ಮಾಡಿದರು? ಸ್ಟೇಶನ್ ಮಾಸ್ತರನ ಜಾಗದಲ್ಲಿ ಕೂಡ್ರಿಸಲಿ. ಮುಖ ಬದಲಾಗುವ ಆ ಕ್ಷಣದಲ್ಲಿ ಅವರ ಬೆರಳು ಯಾವ ಸಾಲಿಗ ಹೋಗುತ್ತದೋ ನೋಡೋಣ.

ಚಿತ್ರದ ಬಗ್ಗೆಯೂ ಒಂದು ಮಾತು. 2011ರಲ್ಲಿ ನವಯಾನ ಪ್ರಕಟಿಸಿದ 'ಭೀಮಾಯಣ'ದಲ್ಲಿ ಗೋಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಇದೇ ಮಸೂರ್ ಪ್ರಯಾಣವನ್ನು ಬರೆದಿದ್ದಾರೆ. ಜನರನ್ನು ಚೌಕಟ್ಟಿನ ಡಬ್ಬಿಯೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ಮೆತ್ತಗಿನ ಮಾತಿಗೆ ಹಕ್ಕಿಯ ಆಕಾರ, ಜಾತಿಯ ವಿಷದ ಮಾತಿಗೆ ಚೇಳಿನ ಕೊಂಡಿಯ ಬಾಲ ಕೊಟ್ಟರು. ಆದ್ದರಿಂದ ಅಲ್ಲಿ ಮೆಲ್ಲಗೆ ಆಡಿದ ಮಾತೂ ಕುಟುಕಬಲ್ಲದು. 'ನಿಮ್ಮವರು ಬಾಳ ಶ್ಯಾಣ್ಯಾ ಆಗ್ಯಾರ' ಎಂಬ ಮಾತನ್ನು ನಗುತ್ತ ಹೇಳುವವರ ಚೌಕಕ್ಕೆ ಆ ಕೊಂಡಿ ಬೇಕು. ಮೆಲುದನಿ ನೋವುಂಡವರದಷ್ಟೇ ಅಲ್ಲ, ನೋವು ಕೊಡುವವರದೂ ಹೌದು. ಈಗಿನ ಅವಮಾನ ಬಹುತೇಕ ಮೆಲುದನಿಯಲ್ಲೇ ಬರುತ್ತದೆ.

ಅಕ್ಷರದ ಕಥೆ ಇನ್ನೂ ಸ್ವಾರಸ್ಯದ್ದು. ರೆನ್‌ಪೈ ಬಂದು ಬಹಳ ವರ್ಷಗಳ ತನಕ ಕನ್ನಡದಂಥ ಲಿಪಿಯ ಒತ್ತು, ಗುಣಿತಗಳನ್ನು ಅದು ಸರಿಯಾಗಿ ಜೋಡಿಸುತ್ತಿರಲಿಲ್ಲ. ಅವ್ವ ಎಂದು ಬರೆದರೆ ವ-ಒತ್ತು ಕಡಿದು ಬೀಳುತ್ತಿತ್ತು. 2023ರ ಆವೃತ್ತಿಯಲ್ಲಿ ಲಿಪಿ ಜೋಡಿಸುವ ಹೊಸ ವ್ಯವಸ್ಥೆ ಬಂದ ಮೇಲೆ ದಾರಿ ತೆರೆಯಿತು. ಆದರೆ ಯಾವ ಕನ್ನಡ? ಪಾತ್ರಗಳೆಲ್ಲ ಬೆಂಗಳೂರಿನ ಧಾರಾವಾಹಿಯ ಕನ್ನಡ ಮಾತಾಡಿ, ಕೇರಿಯ ಮುದುಕನೊಬ್ಬ ಮಾತ್ರ ನಗೆಪಾಟಲಿಗೆ 'ಹ್ಯಾಂಗ, ಯಾಂಗ' ಅಂದರೆ ಅದು ಇನ್ನೊಂದು ಗೀಟು.

ಸಿಂಧನೂರಿನಿಂದ ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗುವ ರಸ್ತೆಯನ್ನೇ ಹಿನ್ನೆಲೆಯಾಗಿ ಇಟ್ಟುಕೊಂಡ ಕೃತಿಯೊಂದನ್ನು ನಾನು ಊಹಿಸುತ್ತೇನೆ. ಈ ಪ್ರಕಾರಕ್ಕೆ ಬೇಕಾದದ್ದು ಕೆಲವೇ ಚಿತ್ರ, ಮತ್ತೆ ಮತ್ತೆ ಬರುವ ಚಿತ್ರ. ತುಂಗಭದ್ರಾ ಎಡದಂಡೆ ಕಾಲುವೆ, ಅದರ ನೀರಿನ ಭತ್ತದ ಗದ್ದೆ, ಒಣಭೂಮಿಯ ಹಳ್ಳಿಗಳಿಂದ ನಾಟಿಗೆ ಬರುವ ಹೆಂಗಸರ ಟಂಟಂ, ಮೊಣಕಾಲು ನೀರಿನಲ್ಲಿ ದಿನವಿಡೀ ಬಗ್ಗಿದ ಬೆನ್ನು. ಇಷ್ಟು ನೀರಿನ ನಡುವೆ ಕುಡಿಯುವ ಕೊಡದ ಹತ್ತಿರ ಯಾರು ಎಷ್ಟು ದೂರ ನಿಲ್ಲುತ್ತಾರೆ ಎಂಬುದನ್ನು ಚಿತ್ರ ಬರೆಯುವವರು ಗಮನಿಸಿದರೆ ಸಾಕು, ಮಾತೇ ಬೇಡ. ಇನ್ನೊಂದು ಚಿತ್ರ ಶಾಲೆಯ ಕಚೇರಿ. ಅಲ್ಲಿ ನಿಂತ ಹುಡುಗಿಯ ತಾಯಿಗೆ ಮುತ್ತು ಕಟ್ಟಿದ್ದಾರೆ. ಹಾಗೆ ದೇವರಿಗೆ ಬಿಡುವುದನ್ನು 1982ರ ಕಾಯ್ದೆ ನಿಷೇಧಿಸಿತು. 2025ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ಹೊಸ ಮಸೂದೆಯಲ್ಲಿ ಇಂಥ ಮಕ್ಕಳು ತಂದೆಯನ್ನು ಗುರುತಿಸಿ ಹೇಳುವ ಹಕ್ಕಿನ ಮಾತೂ ಇದೆ. ಮತ್ತೊಂದು ತೆರೆದ ಸಾಲು.

ಬಹಳಷ್ಟು ಚಿತ್ರಕಾದಂಬರಿಗಳು ಶುರುವಾಗುವುದೇ ಆಡುವವರ ಹೆಸರು ಕೇಳಿ. ಖಾಲಿ ಚೌಕವೊಂದು ಬರುತ್ತದೆ, ಒಳಗೆ ಗೆರೆಯೊಂದು ಮಿನುಗುತ್ತದೆ, ಹೆಸರು ಬರೆದು ಮುಂದೆ ಹೋಗುತ್ತೀರಿ. ನಾನು ಊಹಿಸಿದ ಕೃತಿಯಲ್ಲಿ ಆ ಚೌಕದ ಕೆಳಗೆ ಎರಡನೆಯ ಚೌಕ ಇರಬೇಕು: ತಂದೆಯ ಹೆಸರು. ಗುಮಾಸ್ತ ತಲೆ ಎತ್ತದೆ ಕಾಯುತ್ತಿದ್ದಾನೆ. ತಾಯಿ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದಾಳೆ. ಹುಡುಗಿಗೆ ಉತ್ತರ ಗೊತ್ತು, ಊರಿಗೂ ಗೊತ್ತು. ಏನನ್ನು ಬರೆದರೂ ಆ ಚೌಕ ಒಪ್ಪಬೇಕು, ಖಾಲಿ ಬಿಟ್ಟರೂ ಒಪ್ಪಬೇಕು. ಮುಂದಿನ ಪರದೆಯಲ್ಲಿ ಗುಮಾಸ್ತ ತನಗೆ ಬೇಕಾದ್ದನ್ನೇ ಬರೆದಿರುವುದು ಕಾಣಬೇಕು. ಆ ಎರಡು ಪರದೆಗಳ ನಡುವೆ, ಗೆರೆ ಮಿನುಗುತ್ತಿರುವಾಗ, ಎಷ್ಟು ಹೊತ್ತು ಕಾಯಿಸಬೇಕು ಎಂಬುದನ್ನು ಆ ಕೃತಿ ಕಟ್ಟುವವರೇ ಎಣಿಸಲಿ. ಹುಡುಗಿ ಎಷ್ಟು ಹೊತ್ತು ನಿಂತಿದ್ದಳು ಎಂಬುದು ಅವರಿಗೆ ಗೊತ್ತಿರುತ್ತದೆ.